ಬಟ್ಟೆಗೆ ಒಂದು ಪೌಂಡು

ಮಕ್ಕಳನ್ನು ತೂಗುವ ಕೊಕ್ಕೆ ತಕ್ಕಡಿಯನ್ನು ಶಾಲೆಯ ಜಗಲಿಯ ತೊಲೆಗೆ ಕಟ್ಟುವ ಕೆಲಸವನ್ನು ಒಬ್ದೂಲಿಯಾ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಹಗ್ಗವನ್ನು ಎರಡು ಸುತ್ತು ಸುತ್ತಿ, ಗಂಟು ಬಿಗಿದು, ತನ್ನ ಚೀಲವನ್ನೇ ಕೊಕ್ಕೆಗೆ ನೇತುಹಾಕಿ ಒಮ್ಮೆ ಜಗ್ಗಿ ನೋಡಿ, ಆಮೇಲೆ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸುತ್ತಿದ್ದಳು. ಆ ಹೊತ್ತಿನಲ್ಲಿ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ, ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ತಿಂಗಳಿಗೊಮ್ಮೆ ಬರುವ ತೂಕದ ದಿನದಲ್ಲಿ ಅವಳಿಗೆ ನೆಮ್ಮದಿಯ ಗಳಿಗೆ ಎಂದರೆ ಅದೊಂದೇ.

ಜಗಲಿಯ ಕೆಳಗೆ ಲಾ ಪಾಲ್ಮಿತಾ ಊರಿನ ತಾಯಂದಿರು ಆಗಲೇ ಬಂದು ಕೂತಿದ್ದರು. ಮಡಿಲಲ್ಲಿ ಮಗು, ಕೈಯಲ್ಲಿ ತಾಳೆಗರಿ. ಕಾಯುವಾಗಲೂ ಬೆರಳುಗಳು ಸುಮ್ಮನಿರದೆ ಚಾಪೆಯ ಪಟ್ಟಿ ಹೆಣೆಯುತ್ತಿದ್ದವು. ಆಗಸ್ಟ್ ತಿಂಗಳು. ಗುಡಿಸಲಿನ ಅಟ್ಟದ ಮೇಲಿದ್ದ ಹಳೆಯ ಜೋಳ ಮುಗಿದು, ಹೊಲದ ತೆನೆ ಇನ್ನೂ ಹಾಲುಗಟ್ಟದ ಕಾಲ. ಗಂಡಸರು ಬಾಳೆತೋಟದ ಕೂಲಿಗೆಂದು ತಗ್ಗಿನ ಸೀಮೆಗೆ ಇಳಿದುಹೋಗಿದ್ದರು. ಮನೆಮನೆಯಲ್ಲೂ ಉಪ್ಪು ಸವರಿದ ರೊಟ್ಟಿ, ಅದೂ ಒಂದು ಹೊತ್ತಿಗೆ.

"ತೂಕದಮ್ಮ, ಒಂದ್ಸಲ ನೀನೂ ನೇತಾಕ್ಕೊಂಡು ನೋಡ್ಬಾರ್ದೇನೇ," ಎಂದಳು ಮುದುಕಿ ನಿಕೊಲಾಸಾ. "ಇಷ್ಟು ಸಣ್ಣಗಿದ್ರೆ ನೋಡೋಕೆ ಬಂದ ಗಂಡು ಕೆಮ್ಮಿದ್ರೂ ಹಾರಿಹೋಗ್ತೀಯ."

"ಗಂಡು ಬಂದ್ರೂ ಇವಳು ಅವನ ಹತ್ರ ಮಾತಾಡ್ಬೇಕಲ್ಲ," ಎಂದಳು ಇನ್ನೊಬ್ಬಳು. "ಪುಸ್ತಕದಲ್ಲಿ ಬರೆದು ತೋರಿಸ್ತಾಳೆ ಬಿಡು."

ಹೆಂಗಸರು ನಕ್ಕರು. ಒಬ್ದೂಲಿಯಾಳ ಕಿವಿ ಬಿಸಿಯಾಯಿತು. ಇಪ್ಪತ್ತಮೂರು ವರ್ಷದ ಅವಳು ಆ ಗುಡ್ಡದ ಮೇಲೆ ಪೂರ್ತಿ ಓದು ಮುಗಿಸಿದ ಮೊದಲ ಹುಡುಗಿ. ಆದರೂ ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಒಳಗೇ ಮಡಚಿಕೊಳ್ಳುತ್ತಿತ್ತು. ಹೇಳಲಾಗದ್ದನ್ನೆಲ್ಲ ನೀಲಿ ರಟ್ಟಿನ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದಳು. ಅದು ಯಾವಾಗಲೂ ಅವಳ ಹೆಗಲ ಚೀಲದ ತಳದಲ್ಲಿರುತ್ತಿತ್ತು.

"ಹನ್ನೆರಡಕ್ಕೆ ಗಾಡಿ ಬಿಡ್ತೀನಿ," ಪಿಕಪ್ಪಿನ ಬಾಗಿಲಿಗೆ ಒರಗಿ ನಿಂತಿದ್ದ ಕತಾರಿನೊ ಕೂಗಿ ಹೇಳಿದ. "ಹೊಳೆ ಏರೋದ್ರೊಳಗೆ ದಾಟ್ಬೇಕು. ಈ ಸಲ ಎರಡೇ ಹಾಸಿಗೆ ಅಂತೆ ಕಣಮ್ಮ."

ಹಾಸಿಗೆ ಎಂದರೆ ಕೆಳಗಿನ ಪೇಟೆಯಲ್ಲಿರುವ, ಸೊರಗಿದ ಮಕ್ಕಳ ಚೇತರಿಕೆ ಮನೆಯ ತೊಟ್ಟಿಲು ಮಂಚಗಳು. ದೂರದೇಶದ ಯಾರೋ ಪುಣ್ಯಾತ್ಮರು ಕಳಿಸುವ ನೆರವಿನಿಂದ ನಡೆಯುವ ಮನೆ ಅದು. ತೂಕ ಬಿದ್ದ ಮಗುವಿನ ಹೆಸರಿನ ಮುಂದೆ ಒಬ್ದೂಲಿಯಾ ಕೆಂಪು ಚುಕ್ಕೆ ಇಡಬೇಕು, ಅದು ಅಂದೇ ಗಾಡಿ ಹತ್ತಬೇಕು. ತೂಕ ಏರಿದ್ದಕ್ಕೆ ಹಸಿರು ಚುಕ್ಕೆ, ಅದು ಮನೆಗೆ. ತಾಯಿಗೆ ಅಲ್ಲಿ ಉಳಿಯಲು ಜಾಗವಿಲ್ಲ. ಮಗುವನ್ನು ಒಪ್ಪಿಸಿ ಬರಬೇಕು, ತಿಂಗಳಾದ ಮೇಲೆ ಹೋಗಿ ಕರೆತರಬೇಕು.

ಆ ಮನೆಯವರು ಹೇಳಿಕೊಟ್ಟ ಮೊದಲ ನಿಯಮವೆಂದರೆ, ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿಯೇ ತೂಗಬೇಕು ಎನ್ನುವುದು. ಒಬ್ದೂಲಿಯಾ ಅದನ್ನು ಒಂದು ಸಲವೂ ಪಾಲಿಸಿರಲಿಲ್ಲ. ಈ ಗುಡ್ಡದ ಮೇಲೆ ಮಗುವಿನ ಎದೆಯನ್ನು ಬಯಲು ಗಾಳಿಗೆ ತೆರೆದರೆ ಥಂಡಿ ಒಳಹೊಗುತ್ತದೆ ಎಂದು ಅವಳ ಅಜ್ಜಿಯೂ ಹೇಳಿದ್ದಳು. ಹತ್ತು ಜನರ ಕಣ್ಣಿನ ಎದುರು ಬೆತ್ತಲೆ ಮಾಡಿದರೆ ದೃಷ್ಟಿ ತಗಲುತ್ತದೆ ಎಂದು ಪ್ರತಿ ತಾಯಿಯೂ ನಂಬಿದ್ದಳು. ಅದಕ್ಕೇ ಎಲ್ಲ ಮಕ್ಕಳ ಮುಂಗೈಯಲ್ಲೂ ಕೆಂಪು ದಾರ. ಮೊದಲ ತಿಂಗಳು ಒಬ್ಬ ತಾಯಿಗೆ ಬಟ್ಟೆ ಬಿಚ್ಚು ಎನ್ನಲು ಹೋಗಿ, ಅವಳು ಮಗುವನ್ನು ಎದೆಗೆ ಅವುಚಿಕೊಂಡ ರೀತಿ ನೋಡಿ, ಒಬ್ದೂಲಿಯಾಳ ಬಾಯಿ ಕಟ್ಟಿಹೋಗಿತ್ತು. ಅಂದಿನಿಂದ ಬಟ್ಟೆಯ ಸಮೇತ ತೂಗಿ, ಬಟ್ಟೆಗೆಂದು ಒಂದು ಪೌಂಡು ಕಳೆದು ಬರೆಯುತ್ತಿದ್ದಳು. 'ಬಟ್ಟೆ ಬಿಚ್ಚಿದೆಯೇ' ಎಂಬ ಸಾಲಿನಲ್ಲಿ ಪ್ರತಿ ಸಲವೂ 'ಹೌದು' ಎಂದೇ ಬರೆಯುತ್ತಿದ್ದಳು. ಊರಿನವರು ಅವಳನ್ನು ನಮ್ಮ ಹುಡುಗಿ ಎಂದು ಒಪ್ಪಿಕೊಂಡಿದ್ದು ಈ ಒಂದು ಪೌಂಡಿನಿಂದಲೇ.

ಹನ್ನೊಂದರ ಹೊತ್ತಿಗೆ ಎರಡು ಕೆಂಪು ಚುಕ್ಕೆಗಳಾಗಿದ್ದವು. ಆ ಇಬ್ಬರು ತಾಯಂದಿರು ಗಾಡಿಯ ಹತ್ತಿರ ಹೋಗಿ ನಿಂತಿದ್ದರು. ಎಸ್ತೆಬಾನಾ ಸಾಲಿನ ಕೊನೆಯಲ್ಲಿದ್ದಳು. ಅವಳನ್ನು ಕಂಡರೆ ಒಬ್ದೂಲಿಯಾ ಈಗಲೂ ಮುಖ ತಗ್ಗಿಸುತ್ತಿದ್ದಳು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಎಸ್ತೆಬಾನಾಳ ಮಗ, ಮೂರು ವರ್ಷದ ನೆರಿಯ ಹೆಸರಿನ ಮುಂದೆ ಕೆಂಪು ಚುಕ್ಕೆ ಇಟ್ಟವಳು, ಅವನನ್ನು ಎತ್ತಿ ಗಾಡಿಯೊಳಗೆ ಕೂರಿಸಿದವಳು ಅವಳೇ. ನೆರಿ ಬದುಕಿ ಬರಲಿಲ್ಲ.

ಈಗ ಎಸ್ತೆಬಾನಾಳ ತೋಳಿನಲ್ಲಿ ಎರಡೂವರೆ ವರ್ಷದ ದೆಲ್ಮಿ. ಹಬ್ಬಕ್ಕೆಂದು ಹೊಲಿಸಿದ ಕಿತ್ತಳೆ ಬಣ್ಣದ, ಮೂರು ಸಾಲು ನೆರಿಗೆಯ ಲಂಗ ಹಾಕಿಸಿದ್ದಳು. ತಲೆಗೆ ಎಣ್ಣೆ, ಎರಡು ರಿಬ್ಬನ್ನು.

"ಏನಕ್ಕ, ಇವತ್ತು ಮದುವೆ ಹೆಣ್ಣಿನ ಹಾಗೆ ಮಾಡಿದ್ದೀಯ," ಎಂದಳು ಒಬ್ದೂಲಿಯಾ ಮೆಲ್ಲಗೆ.

"ತೂಗು," ಎಂದಳು ಎಸ್ತೆಬಾನಾ.

ಒಬ್ದೂಲಿಯಾ ಮಗುವಿನ ಕಾಲುಗಳನ್ನು ತೂಗುಚಡ್ಡಿಯೊಳಗೆ ತೂರಿಸಿ ಕೊಕ್ಕೆಗೆ ಸಿಕ್ಕಿಸಿದಳು. ದೆಲ್ಮಿ ಅಳಲಿಲ್ಲ. ಉಳಿದ ಮಕ್ಕಳೆಲ್ಲ ನೇತುಬಿದ್ದ ಕೂಡಲೇ ಕಾಲು ಝಾಡಿಸಿ ರಂಪ ಮಾಡಿದ್ದವು. ಇದು ಮಾತ್ರ ತಲೆಯನ್ನು ಹಗ್ಗಕ್ಕೆ ಆನಿಸಿ ಸುಮ್ಮನೆ ತೂಗಾಡಿತು. ತೂಗಾಡುವಾಗ ಲಂಗದ ಅಂಚು ಜಗಲಿಯ ಕಂಬಕ್ಕೆ ತಾಕಿ 'ಟಕ್' ಎಂದು ಸಣ್ಣ ಸದ್ದಾಯಿತು. ಒಬ್ದೂಲಿಯಾ ಕತ್ತೆತ್ತಿದಳು. ಎಸ್ತೆಬಾನಾ ಮುಳ್ಳನ್ನೇ ನೋಡುತ್ತಿದ್ದಳು. ಮುಳ್ಳು ಇಪ್ಪತ್ತೂವರೆಗೆ ನಿಂತಿತ್ತು.

ಬಟ್ಟೆಗೆ ಒಂದು ಕಳೆದರೆ ಹತ್ತೊಂಬತ್ತೂವರೆ. ಹೋದ ತಿಂಗಳು ಹದಿನೆಂಟು. ಒಬ್ದೂಲಿಯಾಳ ಕಣ್ಣಲ್ಲಿ ನೀರು ತುಂಬಿತು. ಈ ಒಂದು ಮನೆಯ ಮುಂದೆ ಹಸಿರು ಚುಕ್ಕೆ ಇಡುವ ದಿನಕ್ಕಾಗಿ ಅವಳು ಎಷ್ಟು ರಾತ್ರಿ ಹರಕೆ ಹೊತ್ತಿದ್ದಳೆಂದು ನೀಲಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಕಂಬದ ಸದ್ದನ್ನು ಅವಳು ಮರೆತಳು. ಮರೆಯಬೇಕೆಂದೇ ಮರೆತಳೋ ಏನೋ.

"ಏರಿದೆ ಅಕ್ಕ. ಒಂದೂವರೆ ಪೌಂಡು."

"ಹಾಗಾದ್ರೆ ಗಾಡಿ ಹತ್ತೋದು ಬೇಡ."

"ಬೇಡ."

ಎಸ್ತೆಬಾನಾ ಮಗಳನ್ನು ತಾನೇ ಬಿಡಿಸಿಕೊಂಡು, ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಏರಿನ ದಾರಿ ಹಿಡಿದಳು.

ಗಾಡಿ ಹನ್ನೆರಡಕ್ಕೆ ಹೊರಟಿತು. ಒಳಗಿನ ಎರಡು ಮಕ್ಕಳ ಅಳು ತಿರುವಿನವರೆಗೂ ಕೇಳುತ್ತಿತ್ತು. ತಾಯಂದಿರು ಚದುರಿದರು. ಒಬ್ದೂಲಿಯಾ ತೂಗುಚಡ್ಡಿಯನ್ನು ಒಗೆಯಲೆಂದು ಮಗುಚಿ ಕೊಡವಿದಾಗ ಏನೋ ನೆಲಕ್ಕೆ ಬಿತ್ತು. ಎತ್ತಿ ನೋಡಿದಳು. ಕೆಂಪು ದಾರ, ನಡುವೆ ಕಪ್ಪು ಮಣಿ. ಗಂಟು ಬಿಚ್ಚಿರಲಿಲ್ಲ, ದಾರ ಹರಿದಿರಲಿಲ್ಲ. ಬಳೆಯಂತೆ ಮುಂಗೈಯಿಂದ ಜಾರಿ ಬಿದ್ದಿತ್ತು. ಕಪ್ಪು ಮಣಿಯ ದಾರ ಇದ್ದದ್ದು ದೆಲ್ಮಿಯ ಕೈಯಲ್ಲಿ ಮಾತ್ರ.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಳು. ಮೈ ತುಂಬಿಕೊಂಡ ಮಗುವಿನ ಕೈಯಿಂದ ದಾರ ಜಾರುವುದು ಹೇಗೆ? ಕಂಬದ ಸದ್ದು ಮತ್ತೆ ಕಿವಿಯಲ್ಲಿ ಟಕ್ ಎಂದಿತು. ಈ ಸಲ ಅದನ್ನು ಮರೆಯಲು ಆಗಲಿಲ್ಲ. ತಕ್ಕಡಿಯನ್ನು ತೊಲೆಯಲ್ಲೇ ಬಿಟ್ಟು, ಚೀಲವನ್ನು ಹೆಗಲಿಗೇರಿಸಿ, ಏರಿನ ದಾರಿಯಲ್ಲಿ ಓಡುವುದಕ್ಕೆ ಶುರುಮಾಡಿದಳು.

ಎಸ್ತೆಬಾನಾ ಗುಡಿಸಲಿನ ಹೊಸ್ತಿಲಲ್ಲಿ ಕೂತು ಕಿತ್ತಳೆ ಲಂಗದ ಅಂಚನ್ನು ಸೂಜಿಯಿಂದ ಬಿಚ್ಚುತ್ತಿದ್ದಳು. ಪಕ್ಕದ ರುಬ್ಬುಗಲ್ಲಿನ ಮೇಲೆ ನಿಂಬೆಕಾಯಿ ಗಾತ್ರದ ಹೊಳೆಗಲ್ಲುಗಳು. ಒಂದಕ್ಕೊಂದು ತಾಕಿ ಸದ್ದು ಮಾಡದಿರಲೆಂದು ಪ್ರತಿಯೊಂದಕ್ಕೂ ಚಿಂದಿ ಸುತ್ತಿದ್ದಳು. ಒಂದರ ಚಿಂದಿ ಸಡಿಲವಾಗಿ ಕಲ್ಲು ಹೊರಗೆ ಇಣುಕಿತ್ತು. ಒಬ್ದೂಲಿಯಾಳನ್ನು ಕಂಡು ಅವಳು ಯಾವುದನ್ನೂ ಮುಚ್ಚಿಡಲಿಲ್ಲ.

"ಬಂದಿದ್ದೀಯಲ್ಲ, ನೋಡ್ಕೋ. ಏಳಿವೆ."

"ಇದು ಬಿದ್ದಿತ್ತು," ಎಂದು ಒಬ್ದೂಲಿಯಾ ದಾರ ಚಾಚಿದಳು.

ಎಸ್ತೆಬಾನಾ ಅದನ್ನು ತೆಗೆದುಕೊಂಡು ನೋಡಿದಳು. "ಮೇ ತಿಂಗಳಲ್ಲಿ ಬಿಗಿಯಾಯ್ತು ಅಂತ ಬಿಚ್ಚಿ ಕಟ್ಟಿದ್ದೆ."

"ಹೋದ ತಿಂಗಳೂ ಕಲ್ಲಿತ್ತಾ ಅಕ್ಕ?"

"ಮೂರಿತ್ತು. ಈ ತಿಂಗಳು ಮೂರು ಸಾಲಲ್ಲ ಅಂತ ಎತ್ಕೊಂಡಾಗ್ಲೇ ಗೊತ್ತಾಯ್ತು. ನನ್ನ ಹತ್ರ ತಕ್ಕಡಿ ಇಲ್ವಲ್ಲ, ಅಂದಾಜಿನ ಮೇಲೆ ಹಾಕ್ದೆ. ಏಳು ಜಾಸ್ತಿ ಆಯ್ತೇನೋ." ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವ ಹಾಗಿತ್ತು ಮಾತು.

ಒಳಗೆ ಚಾಪೆಯ ಮೇಲೆ ದೆಲ್ಮಿ ಮಲಗಿದ್ದಳು. ಒಳ ಅಂಗಿಯೊಂದೇ ಮೈಮೇಲಿತ್ತು. ಒಬ್ದೂಲಿಯಾ ಆ ಮಗುವಿನ ಮೈಯನ್ನು ಬಟ್ಟೆಯಿಲ್ಲದೆ ನೋಡಿದ್ದು ಅದೇ ಮೊದಲು. ಪಕ್ಕೆಲುಬುಗಳ ಮೇಲೆ ಚರ್ಮ ಒದ್ದೆ ಕಾಗದದಂತೆ ಅಂಟಿತ್ತು. ತೊಡೆಯ ಚರ್ಮ ದೊಡ್ಡವರ ಅಂಗಿ ತೊಡಿಸಿದಂತೆ ಮಡಿಕೆ ಮಡಿಕೆಯಾಗಿ ಜೋತಿತ್ತು. ಅವಳು ಚೀಲದಿಂದ ತೋಳಿನ ಸುತ್ತಳತೆ ನೋಡುವ ಪಟ್ಟಿ ತೆಗೆದು ಸುತ್ತಿದಳು. ಅಪಾಯದ ಕೆಂಪು ಗೆರೆಯನ್ನೂ ದಾಟಿ, ಪಟ್ಟಿ ಇನ್ನೂ ಬಿಗಿಯಾಗುತ್ತಲೇ ಹೋಯಿತು. ಮಗು ಕಣ್ಣು ತೆರೆದು ನೋಡಿತು, ಯಾರೆಂದು ತಿಳಿಯುವ ಗೋಜಿಗೆ ಹೋಗದೆ ಮತ್ತೆ ಮುಚ್ಚಿಕೊಂಡಿತು.

"ಏನಾದ್ರೂ ತಿಂತಾಳಾ?"

"ಗಂಜಿ ಹಾಕಿದ್ರೆ ವಾಂತಿ. ಮೊನ್ನೆಯಿಂದ ಅಳೋದೂ ಬಿಟ್ಟಿದ್ದಾಳೆ."

"ಅಕ್ಕ, ಈಗಲೇ ಪೇಟೆಗೆ ಹೋಗ್ಬೇಕು. ಇಲ್ದಿದ್ರೆ..."

"ಇಲ್ದಿದ್ರೆ ಏನಾಗತ್ತೆ ಅಂತ ನನಗೆ ಗೊತ್ತು. ಹೋದ್ರೆ ಏನಾಗತ್ತೆ ಅಂತಾನೂ ಗೊತ್ತು." ಎಸ್ತೆಬಾನಾ ಸೂಜಿಯನ್ನು ಲಂಗಕ್ಕೆ ಚುಚ್ಚಿಟ್ಟಳು. "ಒಂದು ತಿಂಗಳು ಅಕ್ಕ, ಗುಂಡಗಾಗಿ ಬರ್ತಾನೆ ಅಂತ ನೀನೇ ಅಂದೆ. ಒಂಬತ್ತೇ ದಿನಕ್ಕೆ ಬಂದ. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು ಕಳಿಸಿದ್ರು. ಬಣ್ಣ ಒಣಗೋ ತನಕಾನೂ ಕಾದಿಲ್ಲ. ನನ್ನ ಕೈಗೆಲ್ಲ ಅಂಟ್ತು. ತೊಳೆಯೋಕೆ ಮನಸ್ಸು ಬರದೆ ನಾಲ್ಕು ದಿನ ಹಾಗೇ ಬಿಟ್ಟಿದ್ದೆ. ಇವಳು ಹೋಗೋದಾದ್ರೆ ಇಲ್ಲೇ ಹೋಗ್ಲಿ. ನನ್ನ ಮಡಿಲಲ್ಲಿ."

ಒಬ್ದೂಲಿಯಾ ಹೊಸ್ತಿಲಿಗೆ ಬಂದು ಕೂತಳು. ಅಂಗಳದಲ್ಲಿ ಎಸ್ತೆಬಾನಾಳ ದೊಡ್ಡ ಹುಡುಗಿಯರಿಬ್ಬರು ತಾಳೆಗರಿ ಸೀಳುತ್ತಾ, ದೊಡ್ಡವರ ಮಾತು ಕೇಳಿಸದವರಂತೆ ಕೇಳುತ್ತಿದ್ದರು.

"ಒಂದು ಕೇಳ್ತೀನಿ, ಹೇಳ್ತೀಯಾ?" ಎಂದಳು ಎಸ್ತೆಬಾನಾ. "ಕತಾರಿನೊನ ಕೇಳ್ದೆ, ಗೊತ್ತಿಲ್ಲ ಅಂದ. ಪಾದ್ರಿಗಳನ್ನ ಕೇಳ್ದೆ, ದೇವರ ಹತ್ರ ಇದ್ದಾನೆ ಅಂದ್ರು. ನಾನು ಕೇಳಿದ್ದು ಅದಲ್ಲ. ನನ್ನ ಮಗ ಅಲ್ಲಿ ನನ್ನನ್ನ ಕರೆದ್ನಾ?"

ಈ ಪ್ರಶ್ನೆಯನ್ನು ಅವಳು ಒಬ್ದೂಲಿಯಾಳಿಗೆ ಹಿಂದೆಯೂ ಎರಡು ಸಲ ಕೇಳಿದ್ದಳು. ಎರಡು ಸಲವೂ 'ಗೊತ್ತಿಲ್ಲ ಅಕ್ಕ' ಎಂಬ ಉತ್ತರ ಸಿಕ್ಕಿತ್ತು. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂತು. ನಿಜ ಹೇಳಿದರೆ ಈ ತಾಯಿ ಎಂದೆಂದಿಗೂ ಮಗಳನ್ನು ಕಳಿಸಲಾರಳು. ಸುಳ್ಳು ಹೇಳಿದರೂ ಕಳಿಸಲಾರಳು. ಆ ಸುಳ್ಳೇ ತಾನೇ ಈ ಏಳು ಕಲ್ಲುಗಳಾಗಿ ಕೂತಿರುವುದು.

ಬಾಯಿಂದ ಹೇಳಲು ಅವಳಿಂದಾಗಲಿಲ್ಲ. ಚೀಲದ ತಳಕ್ಕೆ ಕೈಹಾಕಿ ನೀಲಿ ಪುಸ್ತಕ ತೆಗೆದಳು. ಸೆಪ್ಟೆಂಬರಿನ ಹಾಳೆ ಹುಡುಕಬೇಕಾಗಿರಲಿಲ್ಲ, ಪುಸ್ತಕ ತಾನಾಗಿಯೇ ಅಲ್ಲಿ ತೆರೆದುಕೊಳ್ಳುತ್ತಿತ್ತು.

"ಏನದು?"

"ಬರೆದಿಟ್ಟಿದ್ದೀನಿ."

"ನನಗೆ ಓದೋಕೆ ಬರಲ್ಲ. ಓದು."

ಒಬ್ದೂಲಿಯಾ ಓದಿದಳು. "ಚೇತರಿಕೆ ಮನೆಯ ಇಮೆಲ್ದಾ ಸಿಸ್ಟರ್ ಹೇಳಿದ್ದು. ನೆರಿ ಎರಡು ದಿನ ಅಮ್ಮನನ್ನು ಕರೆದನಂತೆ. ಬಾಗಿಲ ಕಡೆಗೇ ತಿರುಗಿ ಮಲಗುತ್ತಿದ್ದನಂತೆ. ಮೂರನೆಯ ದಿನದಿಂದ ಕರೆಯಲಿಲ್ಲ, ಚಮಚ ಬಾಯಿಗಿಟ್ಟರೆ ತುಟಿ ಬಿಚ್ಚಲಿಲ್ಲ. ಎಸ್ತೆಬಾನಾ ಅಕ್ಕನಿಗೆ ಹೇಳಬೇಕು."

ಕೊನೆಯ ಸಾಲನ್ನೂ ಓದಿಬಿಟ್ಟಿದ್ದಳು.

ಎಸ್ತೆಬಾನಾ ಒಂದು ಕಲ್ಲನ್ನು ಎತ್ತಿಕೊಂಡು ಅದರ ಚಿಂದಿ ಸುತ್ತುವುದು, ಬಿಚ್ಚುವುದು ಮಾಡಿದಳು. ಆ ಕಲ್ಲು ತನ್ನ ಮುಖಕ್ಕೆ ಬಂದು ಬಡಿದರೂ ಸರಿಯೇ ಎನ್ನಿಸಿತು ಒಬ್ದೂಲಿಯಾಳಿಗೆ.

"ಹನ್ನೊಂದು ತಿಂಗಳು ಇದನ್ನ ಹೆಗಲಿಗೆ ಹಾಕ್ಕೊಂಡು ನನ್ನ ಮನೆ ಮುಂದೇನೇ ಓಡಾಡಿದ್ಯಾ," ಎಂದಳು ಎಸ್ತೆಬಾನಾ ಕೊನೆಗೆ.

"ಹೂಂ."

"ಹೇಳಿದ್ರೆ ನಾನು ಸಾಯ್ತೀನಿ ಅಂದ್ಕೊಂಡ್ಯಾ?"

"ನನ್ನ ಮುಖ ನೋಡಲ್ಲ ಅಂದ್ಕೊಂಡೆ."

ಎಸ್ತೆಬಾನಾ ಕಲ್ಲನ್ನು ಕೆಳಗಿಟ್ಟಳು. "ಕರೆದ್ನಲ್ಲ," ಎಂದು ತನಗೇ ಹೇಳಿಕೊಂಡಳು. "ಮರೆತಿರ್ಲಿಲ್ಲ."

"ಅಕ್ಕ, ಇವಳ ಜೊತೆ ನೀನೂ ಇರು. ಅಲ್ಲೇ."

"ತಾಯಂದಿರನ್ನ ಬಿಡಲ್ಲ ಅಂತ ನೀನೇ ತಾನೇ ಹೇಳಿದ್ದು?"

"ನಾನು ಅವರ ಹತ್ರ ಹೇಳ್ತೀನಿ."

"ನೀನಾ?" ಎಸ್ತೆಬಾನಾಳಿಗೆ ಆ ಹೊತ್ತಿನಲ್ಲೂ ಒಣ ನಗೆ ಬಂತು. "ಸಂತೆಲಿ ಉಪ್ಪು ಕೇಳೋಕೂ ಬೇರೆಯವರನ್ನ ಕಳಿಸ್ತೀಯ."

"ಹೇಳ್ತೀನಿ."

ಎಸ್ತೆಬಾನಾ ಎದ್ದು ಒಳಗೆ ಹೋಗಿ ಮಗಳ ಹತ್ತಿರ ಕೂತಳು. ಅಂಗೈಯನ್ನು ಆ ಎದೆಗೂಡಿನ ಮೇಲಿಟ್ಟು ಉಸಿರು ಎಣಿಸಿದಳೋ ಏನೋ. ಹೊರಗೆ ಬಂದಾಗ ದೆಲ್ಮಿ ಅವಳ ಶಾಲಿನಲ್ಲಿದ್ದಳು. ದೊಡ್ಡ ಹುಡುಗಿಗೆ, "ನಿಕೊಲಾಸಾಜ್ಜಿ ಮನೇಲಿ ಮಲ್ಕೊಳ್ಳಿ. ಬೆಂಕಿ ಆರಿಸಿ ಹೋಗಿ," ಎಂದಷ್ಟೇ ಹೇಳಿದಳು. ಒಬ್ದೂಲಿಯಾ ಏಳು ಕಲ್ಲುಗಳನ್ನೂ ಒಂದೊಂದಾಗಿ ತನ್ನ ಚೀಲಕ್ಕೆ ಹಾಕಿಕೊಂಡಳು. ಯಾಕೆಂದು ಎಸ್ತೆಬಾನಾ ಕೇಳಲಿಲ್ಲ.

ಪೇಟೆಗೆ ಕಾಲುದಾರಿಯಲ್ಲಿ ಮೂರು ಗಂಟೆ. ಹೊಳೆ ಆಗಲೇ ಮೊಣಕಾಲು ದಾಟಿ ಕೆಂಪಗೆ ಹರಿಯುತ್ತಿತ್ತು. ಒಬ್ಬರ ಭುಜ ಇನ್ನೊಬ್ಬರು ಹಿಡಿದು, ಅಡ್ಡಡ್ಡಲಾಗಿ ಹೆಜ್ಜೆಯಿಟ್ಟು ದಾಟಿದರು. ಆಚೆ ದಡದಲ್ಲಿ ಎಸ್ತೆಬಾನಾ ಶಾಲು ಸರಿಸಿ, "ದೆಲ್ಮಿ, ಕಣೇ ದೆಲ್ಮಿ," ಎಂದಳು. ಮಗು ಕಣ್ಣು ಬಿಡಲಿಲ್ಲ. ಕೆನ್ನೆ ತಟ್ಟಿದಳು. ಒಬ್ದೂಲಿಯಾ ತನ್ನ ಶಾಲಿನ ತುದಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಹಿಂಡಿದಳು. ಗಂಟಲು ಒಮ್ಮೆ ಅಲುಗಿತು. ಅಷ್ಟು ಸಾಕೆಂಬಂತೆ ಇಬ್ಬರೂ ಮತ್ತೆ ನಡೆದರು. ಆಮೇಲೆ ಪ್ರತಿ ತಿರುವಿನಲ್ಲೂ ನಿಂತು ಹಾಗೇ ಮಾಡಿದರು. ಒಬ್ದೂಲಿಯಾಳ ಬೆನ್ನಿಗೆ ಹೆಜ್ಜೆಹೆಜ್ಜೆಗೂ ಕಲ್ಲುಗಳು ಬಡಿಯುತ್ತಿದ್ದವು. ಅಲ್ಲಿ ಹೇಳಬೇಕಾದ ಮಾತನ್ನು ಅವಳು ಮನಸ್ಸಿನಲ್ಲಿ ಜೋಡಿಸುತ್ತಾ, ಜೋಡಿಸಿದ್ದು ಮರುಕ್ಷಣ ಚೆಲ್ಲಾಪಿಲ್ಲಿಯಾಗುತ್ತಾ ಬಂದಳು.

ಚೇತರಿಕೆ ಮನೆಯ ಗೇಟು ಮುಟ್ಟಿದಾಗ ಐದೂವರೆ. ಇಮೆಲ್ದಾ ಸಿಸ್ಟರ್ ಮೇಜಿನ ಹಿಂದೆ ಕೂತು ಹಾಲಿನ ಪುಡಿ ಅಳೆಯುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಕಾಲು ಬಾತು ಚಪ್ಪಲಿಯ ಹೊರಗೆ ಉಬ್ಬಿತ್ತು. ಕೆಟ್ಟವಳಲ್ಲ. ಹದಿನೆಂಟು ಮಂಚಕ್ಕೆ ಇಪ್ಪತ್ತೆರಡು ಮಕ್ಕಳನ್ನು ಇಟ್ಟುಕೊಂಡು ಇಡೀ ದಿನ ನಿಂತೇ ಇದ್ದವಳು.

"ಗಾಡೀಲಿ ಯಾಕೆ ಕಳಿಸ್ಲಿಲ್ಲ?" ಎನ್ನುತ್ತಾ ಕತಾರಿನೊ ತಂದುಕೊಟ್ಟ ಪಟ್ಟಿ ಎಳೆದು ನೋಡಿದಳು. "ದೆಲ್ಮಿ. ಹಸಿರು ಚುಕ್ಕೆ. ನಿನ್ನದೇ ಕೈಬರಹ. ಒಂದೂವರೆ ಪೌಂಡು ಏರಿದೆ. ಏನಮ್ಮ, ತಮಾಷೆನಾ? ಕೆಂಪು ಚುಕ್ಕೆಯವೇ ನಾಲ್ಕು ಹೊರಗೆ ಕಾಯ್ತಿವೆ."

ಒಬ್ದೂಲಿಯಾ ದಾರಿಯುದ್ದಕ್ಕೂ ಜೋಡಿಸಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಚೀಲ ತೆರೆದು ಕಲ್ಲುಗಳನ್ನು ಮೇಜಿನ ಮೇಲೆ, ಆ ಪಟ್ಟಿಯ ಪಕ್ಕದಲ್ಲಿ, ಒಂದೊಂದಾಗಿ ಇಟ್ಟಳು. ಏಳನೆಯದನ್ನು ಇಟ್ಟ ಮೇಲೆ ಸಿಸ್ಟರ್ ಪುಡಿಯ ಚಮಚ ಕೆಳಗಿಟ್ಟಳು.

"ಬಟ್ಟೆ ಬಿಚ್ಚಿ ತೂಗಿದ್ರೆ ಕಲ್ಲು ಎಲ್ಲಿಂದ ಬಂತು?"

"ಬಿಚ್ಚಿಲ್ಲ."

"ಇವತ್ತು?"

"ಯಾವತ್ತೂ ಇಲ್ಲ. ಬಟ್ಟೆಗೆ ಒಂದು ಪೌಂಡು ಕಳೀತಿದ್ದೆ."

"ಅಂದ್ರೆ ಲಾ ಪಾಲ್ಮಿತಾದ್ದು ಎಲ್ಲಾನೂ? ಅಷ್ಟು ಮಕ್ಕಳದ್ದೂ?"

"ಎಲ್ಲಾನೂ."

ಸಿಸ್ಟರ್ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಆ ನೋಟದಲ್ಲಿ ಬೈಗುಳಕ್ಕಿಂತ ಹೆಚ್ಚಿನದು ಇತ್ತು. ಹಸಿರು ಚುಕ್ಕೆಯೊಂದಿಗೆ ಆ ಗುಡ್ಡದ ಮೇಲೆ ಇನ್ನೆಷ್ಟು ಮಕ್ಕಳು ಹೀಗೆ ಮಲಗಿವೆಯೋ ಎಂಬ ಅಂಜಿಕೆ ಅದು. ಒಬ್ದೂಲಿಯಾಳಿಗೂ ಅದು ಹೊಳೆದಿತ್ತು, ಹೊಳೆ ದಾಟುವಾಗ. "ನಿನ್ನ ವಿಷಯ ನಾಳೆ," ಎಂದು ಸಿಸ್ಟರ್ ಎದ್ದು ಮಗುವಿಗೆ ಕೈ ಚಾಚಿದಳು.

ಬೆತ್ತಲೆ ಮೈಯ ದೆಲ್ಮಿಯನ್ನು ಒಳಗಿನ ತಕ್ಕಡಿಯಲ್ಲಿ ಮಲಗಿಸಿದರು. ಹದಿನಾರು ಪೌಂಡು ಕಾಲು. ಸಿಸ್ಟರ್ ಬರೆದುಕೊಳ್ಳಲೂ ಇಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿದ್ದ ಇನ್ನೊಂದು ಕೂಸನ್ನು ಒಂದು ಕಡೆಗೆ ಸರಿಸಿ, ಇವಳನ್ನು ಅದರ ಕಾಲಿನ ಕಡೆಗೆ ತಲೆ ಮಾಡಿ ಮಲಗಿಸಿ, ಮೂಗಿಗೆ ಹಾಲು ಇಳಿಸುವ ಸಣ್ಣ ನಳಿಗೆ ತೂರಿಸಿ ಅಂಟಿಸಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು.

"ಆರಾಯ್ತು. ಗೇಟು ಹಾಕ್ಬೇಕು. ತಾಯಿ ಹೊರಗೆ ಹೋಗ್ಲಿ."

ಎಸ್ತೆಬಾನಾ ಒಬ್ದೂಲಿಯಾಳ ಕಡೆಗೆ ನೋಡಿದಳು. ಮರುಕ್ಷಣವೇ ಮಂಚದ ಹತ್ತಿರ ಹೋಗಿ, ನಳಿಗೆಯ ಸಮೇತ ಮಗಳನ್ನು ಎತ್ತಿಕೊಂಡಳು.

"ಏನ್ ಮಾಡ್ತಿದ್ದೀಯ ನೀನು? ದಾರೀಲೇ ಹೋಗತ್ತೆ ಮಗು."

"ಹೋಗ್ಲಿ. ಕರೆದಾಗ ಓಗೊಡೋಕೆ ನಾನಿರ್ತೀನಿ."

ಅವಳು ಅಂಗಳಕ್ಕೆ ಇಳಿದಾಗ ಒಬ್ದೂಲಿಯಾ ಗೇಟಿನ ನಡುವೆ ನಿಂತಿದ್ದಳು. ಎರಡೂ ಕೈಯಿಂದ ಎರಡೂ ಕಂಬಿ ಹಿಡಿದಿದ್ದಳು. ಎಸ್ತೆಬಾನಾ ಹೊರಗೆ ಹೋಗುವಂತಿರಲಿಲ್ಲ, ಸಿಸ್ಟರ್ ಬೀಗ ಹಾಕುವಂತೆಯೂ ಇರಲಿಲ್ಲ.

"ಆ ಕಡೆ ಸರಿ," ಎಂದರು ಇಬ್ಬರೂ, ಒಬ್ಬರ ಹಿಂದೊಬ್ಬರು.

"ಎರಡು ದಿನ ಕರೆದ ಅಂತ ನೀವೇ ನನಗೆ ಹೇಳಿದ್ರಿ ಸಿಸ್ಟರ್," ಎಂದಳು ಒಬ್ದೂಲಿಯಾ. "ಬಾಗಿಲ ಕಡೆಗೇ ತಿರುಗಿ ಮಲಗ್ತಿದ್ದ ಅಂದ್ರಿ. ಅವನ ತಾಯಿ ಇವಳೇ. ನಾನು ಇವಳಿಗೆ ಇವತ್ತು ಹೇಳಿದೆ. ಲಾ ಪಾಲ್ಮಿತಾದಲ್ಲಿ ಇನ್ನು ಯಾವ ತಾಯಿಯೂ ಮಗು ಕೊಡಲ್ಲ. ಕಲ್ಲು ಕಟ್ತಾರೆ. ನಾನು ಬಟ್ಟೆ ಬಿಚ್ಚಿಸಿದ್ರೆ ತೂಕಕ್ಕೇ ಬರಲ್ಲ. ನನ್ನನ್ನ ಕೆಲಸದಿಂದ ತೆಗೀರಿ. ಇವಳನ್ನ ಬಿಡಿ."

ಇಷ್ಟುದ್ದದ ಮಾತನ್ನು ಅವಳು ಹುಟ್ಟಿದಾಗಿನಿಂದ ಯಾರ ಮುಂದೆಯೂ ಆಡಿರಲಿಲ್ಲ. ಆಡಿ ಮುಗಿದ ಮೇಲೂ ಕಂಬಿಯಿಂದ ಕೈ ತೆಗೆಯಲಿಲ್ಲ.

ಸಿಸ್ಟರ್ ಬಾತ ಕಾಲನ್ನು ಬದಲಿಸಿ ನಿಂತಳು. "ದಡಾರ ಬಂದಾಗ ನಾಲ್ಕು ಮಕ್ಕಳು ಹೋದ್ವು ಇಲ್ಲಿ. ಹೊರಗಿನವರು ತಂದಿದ್ದು. ಅದಕ್ಕೇ ನಿಯಮ ಬಂತು, ನನ್ನ ಹಟಕ್ಕಲ್ಲ," ಎಂದಳು. ಅವಳ ಕಣ್ಣು ಎಸ್ತೆಬಾನಾಳ ಶಾಲಿನಿಂದ ಜೋತುಬಿದ್ದ ನಳಿಗೆಯ ಮೇಲಿತ್ತು. "ಒಳಗೆ ಬಿಡೋಕಾಗಲ್ಲ. ಮಂಚ ಕಿಟಕಿ ಪಕ್ಕದಲ್ಲೇ ಇದೆ. ಗೋಡೆಯ ಆ ಕಡೆ ಕೂತ್ಕೊಳ್ಳೋಳನ್ನ ನಾನು ನೋಡೋಕೆ ಬರಲ್ಲ."

ಕಿಟಕಿ ಕೆಳಮಟ್ಟದ್ದು. ಕಬ್ಬಿಣದ ಸರಳು, ಗಾಜಿಲ್ಲ. ಎಸ್ತೆಬಾನಾ ಮಗಳನ್ನು ಸಿಸ್ಟರ್ ಕೈಗೆ ಒಪ್ಪಿಸಿ ಬಂದು, ಹೊರಗೋಡೆಗೆ ಒರಗಿ ನೆಲದ ಮೇಲೆ ಕೂತು, ಸರಳಿನ ನಡುವೆ ಮೊಣಕೈಯವರೆಗೆ ತೋಳು ತೂರಿಸಿದಳು. ಒಳಗಿನಿಂದ ಸಿಸ್ಟರ್ ದೆಲ್ಮಿಯ ಕೈಯನ್ನು ಅವಳ ಬೆರಳಿಗೆ ಮುಟ್ಟಿಸಿದಳು. ಆ ಕೈ ಸುಮ್ಮನೆ ಬಿದ್ದಿತ್ತು. ಎಸ್ತೆಬಾನಾ ಇನ್ನೊಂದು ಕೈಯಿಂದ ಸೊಂಟದ ಗಂಟು ಬಿಚ್ಚಿ ಕೆಂಪು ದಾರ ತೆಗೆದು, ಅದನ್ನು ಎರಡು ಸುತ್ತು ಸುತ್ತಿ, ಸರಳಿನ ನಡುವಿನಿಂದಲೇ ಆ ಮುಂಗೈಗೆ ಕಟ್ಟಿದಳು. ಎರಡು ಸುತ್ತಿಗೂ ಅದು ಸಡಿಲವಾಗಿಯೇ ಇತ್ತು.

"ಹಾಲು ಹೊಟ್ಟೇಲಿ ನಿಂತ್ರೆ ನೋಡೋಣ," ಎಂದಳು ಸಿಸ್ಟರ್ ಒಳಗಿನಿಂದ. "ಈ ಮೈ ನೋಡಿ ನಾನು ಏನೂ ಹೇಳೋಕಾಗಲ್ಲ. ನೀನೂ ಏನೂ ಕೇಳ್ಬೇಡ."

ಹನಿ ಬೀಳಲು ಶುರುವಾಯಿತು. ಸೂರಿನ ತಗಡು ಕಿಟಕಿಯವರೆಗೂ ಚಾಚಿರಲಿಲ್ಲ. ಒಬ್ದೂಲಿಯಾ ಚೀಲದಿಂದ ತಕ್ಕಡಿಗೆ ಹೊದಿಸುವ ಪ್ಲಾಸ್ಟಿಕ್ಕು ತೆಗೆದು, ಎರಡೂ ಕೈಯಲ್ಲಿ ಎತ್ತಿ, ಎಸ್ತೆಬಾನಾಳ ತಲೆಯ ಮೇಲೆ ಹಿಡಿದು ನಿಂತಳು. ತೊಲೆಗೆ ಕಟ್ಟಿದ ತಕ್ಕಡಿ ಅಲ್ಲಿ ಗುಡ್ಡದ ಮೇಲೆ ನೆನೆಯುತ್ತಿರಬಹುದು. ನಾಳೆಯೋ ನಾಡಿದ್ದೋ, ಅವಳೋ ಅವಳ ಜಾಗಕ್ಕೆ ಬರುವ ಇನ್ನೊಬ್ಬಳೋ, ಆ ಎಲ್ಲ ಮಕ್ಕಳನ್ನೂ ಮತ್ತೆ ನೇತುಹಾಕಬೇಕು, ಬಟ್ಟೆ ಬಿಚ್ಚಿ.

"ನಿನ್ನ ತೋಳು ನೋಯತ್ತೆ, ಕೂತ್ಕೋ," ಎಂದಳು ಎಸ್ತೆಬಾನಾ, ತಲೆಯೆತ್ತದೆ.

"ಇರ್ಲಿ ಅಕ್ಕ."

"ದೆಲ್ಮಿ," ಎಂದು ಎಸ್ತೆಬಾನಾ ಒಳಗಿನ ಕತ್ತಲಿಗೆ ಕರೆದಳು. "ಇಲ್ಲೇ ಇದ್ದೀನಿ ಕಣೇ. ಗೋಡೆ ಆಚೆ."

ಎಷ್ಟೋ ಹೊತ್ತಿನ ಮೇಲೆ ಅವಳ ಭುಜ ಒಮ್ಮೆ ನಡುಗಿತು. "ಹಿಡ್ಕೊಂಡ್ಳು," ಎಂದಳು. "ಬೆರಳು ಹಿಡ್ಕೊಂಡ್ಳು." ಸ್ವಲ್ಪ ಹೊತ್ತಿಗೆ ಎಸ್ತೆಬಾನಾ ಮತ್ತೆ, "ದೆಲ್ಮಿ," ಎಂದಳು, ಈ ಸಲ ಅವಸರದಿಂದ. ಹಿಡಿತ ಸಡಿಲಾಗಿತ್ತು. "ದೆಲ್ಮಿ. ದೆಲ್ಮಿ." ಪ್ಲಾಸ್ಟಿಕ್ಕಿನ ಮೇಲೆ ಮಳೆಯ ಸದ್ದು. ಆಮೇಲೆ ಅವಳು ಸುಮ್ಮನಾದಳು. ಮತ್ತೆ ಹಿಡಿದಿರಬೇಕು. ಅವಳು ಸುಮ್ಮನಿದ್ದಷ್ಟು ಹೊತ್ತೂ ಒಬ್ದೂಲಿಯಾ ಕೈ ಇಳಿಸದೆ ನಿಂತಿದ್ದಳು, ಮುಂದಿನ ಕರೆಗೆ ಕಿವಿಗೊಟ್ಟು.